ಬಲಕ್ಕೆ ಹಾರುವ ಚೆಂಡು

ದೂರದ ಹೊಡೆತಗಳಿಗೆ ಏನೂ ಆಗಿರಲಿಲ್ಲ. ಕೆಟ್ಟದ್ದು ಹತ್ತಿರದ ಹೊಡೆತ. ಎಂಟನೆಯ ಐರನ್, ಒಂಬತ್ತನೆಯದು, ವೆಡ್ಜ್, ಗಾಲ್ಫಿನ ಗಿಡ್ಡ ಕೋಲುಗಳಲ್ಲಿ ಯಾವುದನ್ನು ಎತ್ತಿಕೊಂಡರೂ ಚೆಂಡು ಬಾವುಟದ ಕಡೆ ಹೋಗುವುದು ಬಿಟ್ಟು ಬಲಕ್ಕೆ, ಪೊದೆಯೊಳಗೆ. ಭಾನುವಾರ ಕೊಲ್ಹಾಪುರದವರ ಜೊತೆ ಪಂದ್ಯ. ಬೆಳಗಾವಿಯ ನಮ್ಮ ಗಾಲ್ಫ್ ಕ್ಲಬ್ಬಿನ ತಂಡದಲ್ಲಿ ನನಗೆ ಮೊದಲ ಸಲ ಜಾಗ ಸಿಕ್ಕಿತ್ತು, ಅದೂ ಎಷ್ಟೋ ವರ್ಷ ಕಾದ ಮೇಲೆ.

ನನ್ನ ಗಂಡ ಗೌರೀಶರಿಗೆ ಮಚ್ಛೆಯಲ್ಲಿ ಯಂತ್ರದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ ಇದೆ. ಅಲ್ಲಿಂದ ಹೊರಬೀಳುವ ಒಂದು ತುಂಡು ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ಬೇರೆ ಇರಕೂಡದು. ತಾವು ಗಾಲ್ಫ್ ಆಡುವುದಿಲ್ಲ, ನನಗೆ ಕಲಿಸುತ್ತಾರೆ. ಮೊಬೈಲಿನಲ್ಲಿ ವಿಡಿಯೋ ನೋಡಿ ದಿನಕ್ಕೊಂದು ರೋಗ ಹುಡುಕಿದರು: ಮೊಣಕೈ ದೂರ ಹೋಗುತ್ತದೆ, ತಲೆ ಬೇಗ ಎತ್ತುತ್ತೇನೆ, ಮನಸ್ಸು ಎಲ್ಲೋ ಇರುತ್ತದೆ. ಖಾನಾಪುರದ ಅತ್ತೆಯ ಮನೆಗೆ ಹೋದರೂ ಬಿಡಲಿಲ್ಲ. ಮೊಣಕೈ ಮೈಗೆ ಅಂಟಿಕೊಂಡಿರಲೆಂದು ಭತ್ತ ಕೊಯ್ದ ಗದ್ದೆಯಲ್ಲಿ ಕಂಕುಳಿಗೆ ಟವೆಲ್ ಸಿಕ್ಕಿಸಿ ನಿಲ್ಲಿಸಿದರು. ಅತ್ತೆ ಬಸವಣ್ಣೆವ್ವ ಯಾರದೋ ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿದರು. ನನಗೆ ತಲೆ ಚಿಟ್ಟು ಹಿಡಿದಿತ್ತು.

ಶುಕ್ರವಾರ ತಂಡದ ಗೆಳತಿ ತರನ್ನುಮಳ ವೆಡ್ಜ್ ಸುಮ್ಮನೆ ಕೈಗೆತ್ತಿಕೊಂಡೆ. ಚೆಂಡು ನೇರ ಹೋಯಿತು. ಇನ್ನೊಂದು ಹೊಡೆದೆ, ಅದೂ ನೇರ. ಇಬ್ಬರ ವೆಡ್ಜ್‌ಗಳ ತಳವನ್ನೂ ಪಕ್ಕಪಕ್ಕ ನೆಲಕ್ಕೆ ಒತ್ತಿ ಹಿಡಿದು ನೋಡಿದರೆ ನನ್ನದರ ಹಿಡಿ ಅವಳದಕ್ಕಿಂತ ಕೆಳಗೆ ವಾಲಿತ್ತು.

ಮನೆಗೆ ಬಂದು ಕೇಳಿದೆ. ಗೌರೀಶರು ಮುಚ್ಚಿಡಲಿಲ್ಲ, ಹೆಮ್ಮೆಯಿಂದಲೇ ಹೇಳಿದರು.

"ನಿನ್ನ ಕೋಲು ಒಂದೊಂದರದು ಒಂದೊಂದು ಕೋನ ಇತ್ತು ನೇತ್ರಾ. ಬೇಕಾಬಿಟ್ಟಿ ಮಾಡ್ಯಾರ. ನಾ ನಮ್ಮ ಶಾಪಿನ್ಯಾಗ ಬಗ್ಗಿಸಿ ಎಲ್ಲಾ ಐದನೇ ಐರನ್ನಿನ ಅಳತಿಗೆ ತಂದೀನಿ."

ಕೋಲು ಗಿಡ್ಡವಾದಷ್ಟೂ ಹಿಡಿ ನೆಟ್ಟಗಿರಬೇಕು; ಉದ್ದನೆಯ ಐದನೆಯದರಂತೆ ಗಿಡ್ಡದ್ದನ್ನೂ ವಾಲಿಸಿದರೆ ಚೆಂಡು ಬಲಕ್ಕೇ ಹೋಗುತ್ತದೆ. ಅವು ಬೇರೆ ಬೇರೆ ಇರುವುದೇ ಸರಿ. ಇಷ್ಟು ದಿನ ನಾನು ಬೈಸಿಕೊಂಡಿದ್ದು ಇದಕ್ಕಾಗಿ. ಮೈಯೆಲ್ಲ ಉರಿಯಿತು. ಭಾನುವಾರ ತರನ್ನುಮಳ ಹಳೆಯ ಸೆಟ್ ತಂದು ಆಡುತ್ತೇನೆ ಎಂದೆ. ಅವರ ಮುಖ ಸಣ್ಣದಾಯಿತು. ಎಲ್ಲರೆದುರು ನನಗೆ ಅವಮಾನ ಆಗಬಾರದೆಂದು ಬೆಳಿಗ್ಗೆಯೇ ಕ್ಯಾಪ್ಟನ್‌ಗೆ ಫೋನ್ ಮಾಡಿ ನನ್ನ ಹೆಸರು ತೆಗೆಸಿದ್ದರಂತೆ.

ಅವರಿಂದಲೇ ಮತ್ತೆ ಫೋನ್ ಮಾಡಿಸಿ ನಡೆದದ್ದನ್ನು ಹೇಳಿಸಿದೆ. ಕ್ಯಾಪ್ಟನ್ ಕೇಳಿ ನಕ್ಕರು. ಆದರೆ ನನ್ನ ಜಾಗ ಬೇರೆಯವರಿಗೆ ಕೊಟ್ಟು, ಕೊಲ್ಹಾಪುರಕ್ಕೂ ತಿಳಿಸಿಯಾಗಿತ್ತು. ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ.

ಗೌರೀಶರು ಎದ್ದು ಕೋಲುಗಳ ಚೀಲ ಹೆಗಲಿಗೇರಿಸಿದರು. ಈಗಲೇ ಮಚ್ಛೆಗೆ ಹೋಗಿ ಎಲ್ಲವನ್ನೂ ಮೊದಲಿನಂತೆ ಬಗ್ಗಿಸಿ ತರುತ್ತಾರಂತೆ.

"ಕೆಳಗ ಇಡ್ರಿ," ಎಂದೆ. "ನನ್ನ ಆಟಕ್ಕ ಇನ್ನ ಕೈ ಹಚ್ಚಬ್ಯಾಡ್ರಿ."