ತಳ ಹತ್ತಿದ ಬೇಳೆ

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಗಾದೆ ಕಟ್ಟಿದ ಪುಣ್ಯಾತ್ಮ ಈ ಮನೆಯ ಅತ್ತೆಯನ್ನು ನೋಡಿಯೇ ಕಟ್ಟಿರಬೇಕು, ಆ ವಿಷಯದಲ್ಲಿ ಸೊಸೆಗೆ ಅನುಮಾನವೇ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಹೊತ್ತು ಹೊತ್ತಿಗೆ ಬೇಯಿಸಿ ಹಾಕುತ್ತಿದ್ದವಳು ಇವಳು. ಹೊಗಳಿಕೆ ಮಾತ್ರ ಚಿಕ್ಕ ಮಗನಿಗೆ. ಆ ಚಿಕ್ಕವನು ಊರಿನ ಆ ತುದಿಯಲ್ಲಿ ದೊಡ್ಡವರು ಬಂದು ಉಣ್ಣುವಂಥ ಹೋಟೆಲು ತೆರೆದು ಎರಡು ವರ್ಷವಾಗಿತ್ತು. ಒಂದು ದಿನವಾದರೂ ಹೆತ್ತ ತಾಯಿಯನ್ನು ಕರೆದಿರಲಿಲ್ಲ. ಭಾನುವಾರ ಮಧ್ಯಾಹ್ನ ತಪ್ಪದೆ ಫೋನ್ ಮಾಡಿ, "ಇನ್ನೂ ಗಾರೆ ಕೆಲಸ ನಡೀತಾನೇ ಇದೆ ಅಮ್ಮಾ, ಒಂದೇ ಸಮ ಧೂಳು, ನಿನಗೆ ಕೆಮ್ಮು ಬೇರೆ," ಅನ್ನುತ್ತಿದ್ದ. ಅತ್ತೆ ಫೋನಿಟ್ಟು, "ನನ್ನ ಕಂದಂಗೆ ಎಷ್ಟು ಕಾಳಜಿ ನೋಡು," ಅನ್ನುತ್ತಿದ್ದರು. ಅರಮನೆ ಕಟ್ಟೋಕೂ ಇಷ್ಟು ಗಾರೆ ಬೇಕಾಗಲ್ಲ ಎಂದು ಸೊಸೆ ಪಾತ್ರೆಗಳ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಅವಳು ಬಟ್ಟೆ ಅಂಗಡಿಯೊಂದರಲ್ಲಿ ಆಲ್ಟರೇಷನ್ ಕೆಲಸ ಮಾಡುತ್ತಿದ್ದಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಗಿರಾಕಿಯೊಬ್ಬಳ ಸೊಂಟದ ಅಳತೆ ಸರಿಮಾಡುತ್ತಿದ್ದಾಗ ಆ ಹೆಂಗಸು ಅದೇ ಹೋಟೆಲಿನ ಮಾತು ತೆಗೆದಳು.

"ಪಾಪ ಕಣ್ರೀ, ಆ ಓನರ್ ತಾಯಿ ತೀರಿಕೊಂಡಿದಾರಂತೆ. ಸಾಯೋ ಮುಂಚೆ ಮಗನ್ನ ಪಕ್ಕ ಕೂರಿಸ್ಕೊಂಡು ಒಂದು ಬೇಳೆ ಮಾಡೋದು ಹೇಳಿಕೊಟ್ರಂತೆ. ಬೇಕೂಂತಲೇ ತಳ ಹತ್ತಿಸಿ, ಅದಕ್ಕೆ ಕಪ್ಪಗೆ ಹುರಿದ ಬೆಳ್ಳುಳ್ಳಿ ಹಾಕಿ... ಬಡಿಸೋನು ಆ ಕತೆ ಹೇಳ್ತಿದ್ರೆ ನಂಗೆ ಕಣ್ಣಲ್ಲಿ ನೀರೇ ಬಂತು."

ಸೊಸೆ ಪಿನ್ನು ನುಂಗದೇ ಉಳಿದದ್ದು ಅವಳ ಅದೃಷ್ಟ. ತೀರಿಕೊಂಡವರು ಆ ಹೊತ್ತಿನಲ್ಲಿ ಮನೆಯಲ್ಲಿ ಕಾಲು ಚಾಚಿಕೊಂಡು ಟೀವಿ ನೋಡುತ್ತಿದ್ದರು. ಅದಾದರೂ ಇರಲಿ. ಆ ಬೇಳೆ!

ಆ ಬೇಳೆ ಇವಳದು. ಹೊಸದಾಗಿ ಮನೆ ತುಂಬಿದ ದಿನಗಳಲ್ಲಿ ಅತ್ತೆಯ ಬೈಗುಳ ಕೇಳುತ್ತ ತಲೆ ತಗ್ಗಿಸಿ ನಿಂತಿದ್ದಾಗ ಒಲೆಯ ಮೇಲಿದ್ದ ಬೇಳೆ ತಳ ಹತ್ತಿತ್ತು. ಚೆಲ್ಲಿದರೆ ಇನ್ನೊಂದು ಸುತ್ತು ಬೈಗುಳ. ಅದಕ್ಕೇ ಬೆಳ್ಳುಳ್ಳಿಯನ್ನು ಕಪ್ಪಗಾಗುವ ತನಕ ಹುರಿದು, ಮೆಣಸು ಜಜ್ಜಿ ಹಾಕಿ, ನಿಂಬೆ ಹಿಂಡಿ, ಸೀದ ವಾಸನೆಯನ್ನೇ ರುಚಿ ಮಾಡಿಬಿಟ್ಟಿದ್ದಳು. ಓದುವುದಕ್ಕೆಂದು ಅಣ್ಣನ ಮನೆಯಲ್ಲೇ ಇದ್ದ ಇದೇ ಮೈದುನ ತಟ್ಟೆ ನೆಕ್ಕಿ, "ಅತ್ತಿಗೆ, ನಾಳೇನೂ ತಳ ಹತ್ತಿಸಿ," ಎಂದಿದ್ದ. ಅತ್ತೆಯಂತೂ ಅವತ್ತಿನಿಂದ ನಂಟರಿಷ್ಟರ ಮುಂದೆಲ್ಲ "ನಮ್ಮನೆ ತಳ ಹತ್ತಿಸೋ ಮಹಾರಾಣಿ" ಎಂದೇ ಇವಳನ್ನು ಪರಿಚಯಿಸುತ್ತಿದ್ದರು.

ಹಾಗಾಗಿ ಅತ್ತೆ ಮರೆತೆ ಅನ್ನುವ ಹಾಗಿಲ್ಲ. ಸೊಸೆಗೆ ಈಗ ಬೇಕಿದ್ದದ್ದು ಒಂದೇ: ಈ ಬೇಳೆ ಯಾರ ಕೈಯದು ಎಂದು ಅತ್ತೆ ತಮ್ಮ ಬಾಯಿಂದ, ಆ ಹೋಟೆಲಿನಲ್ಲೇ, ನಾಲ್ಕು ಜನರ ಮುಂದೆ ಹೇಳಬೇಕು. ಗಿರಾಕಿಯ ಹೆಸರಿನಲ್ಲಿ ಟೇಬಲ್ ಕಾದಿರಿಸಿದಳು. ಗಂಡ, "ನಿಮ್ಮಿಬ್ಬರ ಮಧ್ಯೆ ನಾನು ಅಪ್ಪಚ್ಚಿ ಆಗಲಾರೆ," ಎಂದು ಜಾರಿಕೊಂಡ. ಅತ್ತೆ ಸತ್ತ ಸುದ್ದಿಯನ್ನು ಮಾತ್ರ ಅತ್ತೆಗೆ ತಿಳಿಸಲಿಲ್ಲ. ಅದನ್ನು ಬಡಿಸುವವನ ಬಾಯಿಂದಲೇ ಕೇಳಲಿ, ಆಗ ಉರಿ ಏನೆಂದು ಗೊತ್ತಾಗುತ್ತದೆ ಎಂದುಕೊಂಡಳು.

ಹೋಟೆಲಿನಲ್ಲಿ ಗಾರೆಯೂ ಇರಲಿಲ್ಲ, ಧೂಳೂ ಇರಲಿಲ್ಲ. ನೆಲ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ಬಾಗಿಲಲ್ಲಿದ್ದವಳು ಇವರ ಚಪ್ಪಲಿಯಿಂದ ಮುಡಿಯವರೆಗೆ ಕಣ್ಣಾಡಿಸಿ, ಅಡುಗೆಮನೆಯ ಬಾಗಿಲ ಪಕ್ಕದ ಟೇಬಲಿಗೆ ಕರೆದೊಯ್ದಳು. ಆ ಬಾಗಿಲು ತೆರೆದಾಗಲೆಲ್ಲ ಸೊಸೆಯ ಕುರ್ಚಿಗೆ ತಾಗುತ್ತಿತ್ತು.

"ಆಹಾ, ಕೆಲಸ ಮುಗಿದುಬಿಟ್ಟಿದೆ ಕಣೇ! ನನಗೆ ಹೇಳದೆ ಖುಷಿಪಡಿಸೋಣ ಅಂತಿದ್ದ ಅನ್ಸುತ್ತೆ," ಎಂದು ಅತ್ತೆ ಮೇಜಿನ ಬಟ್ಟೆ ಸವರಿದರು. "ನೋಡಿ ಕಲಿ. ನಿನ್ನ ಮೇಜಿನ ಮೇಲೆ ಒಂದು ದಿನ ಇಷ್ಟು ಬೆಳ್ಳಗಿನ ಬಟ್ಟೆ ಕಂಡಿದೀನಾ?"

"ಅದರ ಮೇಲೆ ಹುಳಿ ಚೆಲ್ಲೋರು ಮನೇಲಿದ್ರೆ ಎಲ್ಲಿಂದ ಬರಬೇಕು?"

"ಬಾಯಿಗೇನೂ ಕಮ್ಮಿ ಇಲ್ಲ."

ಮೊರದಗಲದ ತಟ್ಟೆಯ ನಡುವೆ ಒಂದೊಂದು ತುತ್ತು ಬರುತ್ತ ಹೋಯಿತು. ಅತ್ತೆ ಪ್ರತಿಯೊಂದಕ್ಕೂ "ಇದು ಕಣೇ ಅಡುಗೆ" ಅನ್ನುತ್ತಿದ್ದರು. ಸೊಸೆ ಹಲ್ಲು ಕಚ್ಚಿಕೊಂಡು ಕಾದಳು. ಕೊನೆಗೆ ಕರಿಕೋಟಿನ ಬಡಿಸುವವನು ಮುಚ್ಚಿದ ಮಣ್ಣಿನ ಕುಡಿಕೆ ತಂದಿಟ್ಟು, ಕೈ ಹಿಂದೆ ಕಟ್ಟಿ, ದನಿಯನ್ನು ಮೆತ್ತಗೆ ಮಾಡಿಕೊಂಡ. ಪಕ್ಕದ ಮೇಜಿನ ಗಂಡ ಹೆಂಡಿರೂ ಕತೆ ಕೇಳಲು ಇತ್ತ ತಿರುಗಿದರು.

"ಇದು ನಮ್ಮ ಸಾರ್ ಅವರ ತಾಯಿ ಕೈರುಚಿ. ಆ ಮಹಾತಾಯಿ ಈಗಿಲ್ಲ. ಕೊನೆ ದಿನಗಳಲ್ಲಿ ಮಗನಿಗೆ ಇದನ್ನ ಹೇಳಿಕೊಟ್ಟು, ಅವರ ಕೈ ಹಿಡ್ಕೊಂಡೇ ಕಣ್ಣು ಮುಚ್ಚಿದ್ರು."

ಸೊಸೆ ಅತ್ತೆಯ ಮುಖವನ್ನೇ ನೋಡಿದಳು. ಈಗ ಕುಸಿಯುತ್ತದೆ, ಈಗ ಕುಸಿಯುತ್ತದೆ. ಅತ್ತೆ ಮುಚ್ಚಳ ತೆಗೆದು ಮೂಸಿದರು.

"ಏನಾಗಿತ್ತಪ್ಪಾ ಅವರಿಗೆ?"

ಹೇಳಿಕೊಟ್ಟ ಪಾಠದಲ್ಲಿ ಕಾಯಿಲೆಯ ವಿಷಯ ಇರಲಿಲ್ಲವೇನೋ, ಅವನು ತಡವರಿಸಿದ. "ಅದು... ಹೃದಯ ಅಂತ ಕಾಣುತ್ತಮ್ಮಾ."

"ನೀನು ಅವರನ್ನ ನೋಡಿದ್ಯಾ?"

"ಇಲ್ಲಮ್ಮಾ, ಅಷ್ಟು ಪುಣ್ಯ ನಂಗಿರಲಿಲ್ಲ."

ಅತ್ತೆ ಒಂದು ಚಮಚ ಬಾಯಿಗಿಟ್ಟು, ಅದನ್ನು ನಿಧಾನವಾಗಿ ನುಂಗಿದರು. ಸೊಸೆಯೂ ರುಚಿ ನೋಡಿದಳು. ಮೆಣಸಿನ ಒಂದು ಕಾಳಿನಷ್ಟೂ ವ್ಯತ್ಯಾಸವಿರಲಿಲ್ಲ. ಕಳ್ಳ! ಅವಳ ಕಿವಿಯವರೆಗೆ ಕೋಪ ಏರಿತು.

ಅಷ್ಟರಲ್ಲಿ ಮೈದುನನೇ ಬಂದ. ಮೇಜಿಂದ ಮೇಜಿಗೆ ನಗುತ್ತ ಬಂದವನು ಇವರನ್ನು ಕಂಡದ್ದೇ ನಿಂತಲ್ಲೇ ನಿಂತ. ಪಕ್ಕದ ಮೇಜಿನ ಹೆಂಗಸು, "ಇವರು ನಿಮ್ಮವರಾ?" ಎಂದು ಕೇಳಿದಳು. ಅವನು ಅತ್ತಿಗೆಯ ಕಡೆ ನೋಡಲೇ ಇಲ್ಲ.

"ಹೌದು ಮೇಡಂ. ನಮ್ಮ... ದೊಡ್ಡಮ್ಮ. ತೀರಿಹೋದ ಅಮ್ಮನ ಅಕ್ಕ."

ಸೊಸೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಮೇಜಿನ ಕೆಳಗೆ ಅತ್ತೆಯ ಕೈ ಅವಳ ಮಣಿಕಟ್ಟನ್ನು ಹಿಡಿದು ಕೂರಿಸಿತು. ಮುದುಕಿಗೆ ಅಷ್ಟು ಬಲ ಎಲ್ಲಿತ್ತೋ.

"ಹೌದಮ್ಮಾ," ಎಂದರು ಅತ್ತೆ ಆ ಹೆಂಗಸಿಗೆ. "ನಾನು ಅವಳ ಅಕ್ಕ. ಅವಳು ಹೋದಳು, ನಾನು ಉಳಕೊಂಡೆ."

ಮುಗಿಯಿತು, ಎಂದುಕೊಂಡಳು ಸೊಸೆ. ಇಲ್ಲೂ ಅವನನ್ನೇ ಕಾಪಾಡಿದರು. ಕೊಂದವನನ್ನೂ ಮುದ್ದು ಮಾಡುವ ಈ ಜನ್ಮಕ್ಕೆ ಏನು ಹೇಳುವುದು! ಮೈದುನನಿಗೆ ಹೋದ ಜೀವ ಬಂತು. ಬಂದದ್ದಷ್ಟೇ ಅಲ್ಲ, ನಾಲಗೆಯೂ ಉದ್ದವಾಯಿತು.

"ಹೇಗಿದೆ ದೊಡ್ಡಮ್ಮ, ಅಮ್ಮನ ಬೇಳೆ?"

ಅತ್ತೆ ಬಾಯೊರೆಸಿಕೊಂಡರು. "ನಿಮ್ಮಮ್ಮ ಬದುಕಿದ್ದಿದ್ರೆ ಬಾಯಿಗಿಟ್ಟ ತಕ್ಷಣ ಗುರುತು ಹಿಡೀತಿದ್ದಳು ಮಗಾ. ಇದನ್ನ ಮಾಡಿದವಳನ್ನ ಬಾಯಿಗೆ ಬಂದ ಹಾಗೆ ಬೈದವಳು ಅವಳೇ ತಾನೆ?" ಪಕ್ಕದ ಮೇಜಿನತ್ತ ತಿರುಗಿದರು. "ತೀರಿಕೊಂಡವಳಿಗೆ ನೆಟ್ಟಗೆ ಒಂದು ಅನ್ನ ಮಾಡೋಕೆ ಬರ್ತಿರ್ಲಿಲ್ಲ ಕಣಮ್ಮಾ. ಈ ಬೇಳೆ ಅವಳ ಸೊಸೆದು. ಇವನು ಅತ್ತಿಗೆ ಕೈಲಿ ಉಂಡು ದೊಡ್ಡವನಾದ. ಇಗೋ, ಇಲ್ಲೇ ಕೂತಿದಾಳೆ. ಇವಳೇನೂ ಸತ್ತಿಲ್ಲ."

ಆ ಹೆಂಗಸಿನ ಚಮಚ ಅರ್ಧ ದಾರಿಯಲ್ಲೇ ನಿಂತಿತು. ಮೈದುನ ನಗಲು ನೋಡಿದ. "ದೊಡ್ಡಮ್ಮಂಗೆ ವಯಸ್ಸಾಯ್ತು, ಸ್ವಲ್ಪ ಮರೆವು... ಏ, ಇವರಿಗೆ ಬಿಲ್ ಕೊಡಬೇಡ."

"ಕೊಡಪ್ಪಾ," ಎಂದರು ಅತ್ತೆ ಬಡಿಸುವವನಿಗೆ. "ನಂಟಸ್ತನ ಅಷ್ಟು ಹತ್ತಿರದ್ದಲ್ಲ."

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಬೇಕಾದದ್ದು ಸಿಕ್ಕಿತ್ತು, ನಾಲ್ಕು ಜನ ಕೇಳಿಯೂ ಇದ್ದರು. ಆದರೂ ಸೊಸೆ ಬಸ್ ಟಿಕೆಟ್ಟನ್ನು ಮಡಿಸುತ್ತ ಬಿಡಿಸುತ್ತ ಕೂತಿದ್ದಳು. ಅತ್ತೆ ಕಿಟಕಿಯ ಆಚೆ ನೋಡುತ್ತಲೇ ಕೇಳಿದರು.

"ಎಲ್ಲ ಗೊತ್ತಿದ್ದೇ ಕರ್ಕೊಂಡು ಹೋದೆ, ಅಲ್ವೇನೇ?"

"ಹೂಂ."

"ತಣ್ಣಗಾಯ್ತಾ ನಿನ್ನ ಹೊಟ್ಟೆ?"

"ಇಲ್ಲ."

"ಆಗಬಾರದು," ಎಂದರು ಅತ್ತೆ. ಇಳಿಯುವಾಗ ಇವಳು ಚಾಚಿದ ಕೈಯನ್ನು ಹಿಡಿಯಲಿಲ್ಲ. ಕಂಬಿ ಹಿಡಿದು ತಾವೇ ಇಳಿದರು.

ಭಾನುವಾರ ಮಧ್ಯಾಹ್ನ ಫೋನು ಬಡಿದುಕೊಂಡಿತು. ಬೇರೆ ದಿನಗಳಲ್ಲಾಗಿದ್ದರೆ ಅತ್ತೆ ಎಂಜಲು ಕೈಯಲ್ಲೇ ಓಡುತ್ತಿದ್ದರು. ಇವತ್ತು ಅನ್ನಕ್ಕೆ ಬೇಳೆ ಕಲಸುತ್ತ ಕೂತೇ ಇದ್ದರು. ಸೊಸೆಯೇ ಎತ್ತಿಕೊಂಡಳು.

"ಅತ್ತಿಗೆ... ಅಮ್ಮಂಗೆ ಕೊಡಿ."

ಅವಳು ಫೋನನ್ನು ಅತ್ತೆಯ ಮುಂದೆ ಹಿಡಿದಳು.

"ಯಾರು ಬೇಕಂತೆ?" ಎಂದರು ಅತ್ತೆ, ತಲೆ ಎತ್ತದೆ.

"ಅಮ್ಮ ಬೇಕಂತೆ."

"ತೀರಿಕೊಂಡ್ರು ಅನ್ನು."

ವರ್ಷಗಳಿಂದ ಮೈದುನನಿಗೆಂದೇ ಕೂಡಿಟ್ಟ ಬೈಗುಳ ಅವಳ ಹತ್ತಿರ ಒಂದು ಗೋಣಿಚೀಲದಷ್ಟಿತ್ತು. ಹುಡುಕಿದರೆ ಒಂದೂ ಕೈಗೆ ಸಿಗಲಿಲ್ಲ. ಅತ್ತೆಯ ಬೆರಳುಗಳು ಕಲಸಿದ್ದನ್ನೇ ಮತ್ತೆ ಮತ್ತೆ ಕಲಸುತ್ತಿದ್ದವು.

"ಅತ್ತೆ ತೀರಿಕೊಂಡ್ರು ಕಣಪ್ಪ," ಎಂದಳು.

ಅದೇ ಹೊತ್ತಿಗೆ ಅತ್ತೆಗೆ ಕೆಮ್ಮು ಬಂತು. ಆ ಕಡೆಯವನಿಗೂ ಕೇಳಿಸಿರಬೇಕು, "ಅಮ್ಮಾ," ಎಂದು ಕೂಗಿದ. ಸೊಸೆ ಫೋನಿಟ್ಟಳು.

ಅತ್ತೆ ನೀರು ಕುಡಿದು, ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದರು. "ಇವತ್ತು ತಳ ಸರಿಯಾಗಿ ಹತ್ತಿಲ್ಲ ಕಣೇ," ಎಂದು ಗೊಣಗಿ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. ಸೊಸೆ ಇನ್ನೊಂದು ಸೌಟು ಬಡಿಸಿದಳು.