ಪಲ್ಟನ್ ಇಳಿದ ಗದ್ದೆ

ಯುದ್ಧ ಮುಗಿದು ಅರವತ್ತು ವರ್ಷವಾದ ಮೇಲೆ, ಭಾವಿಕೇರಿಯಾಚೆಯ ಆ ಸಣ್ಣ ಊರಿಗೆ ಪಲ್ಟನ್ನಿನ ಜ್ವರ ಹತ್ತಿತು. ಮಹಾಯುದ್ಧದ ಕಾಲದಲ್ಲಿ ಸೈನಿಕರ ಪಲ್ಟನ್ ಡೇರೆ ಹಾಕಿದ್ದು ತಮ್ಮಲ್ಲೇ ಎಂದು ಮೇಲಿನಕೇರಿಯ ಗುರುಪ್ರಸಾದ ಮಾಸ್ತರು ಕೇರಿಯ ಹೆಸರು ಕೆತ್ತಿಸಿ ಒಂದು ಕಲ್ಲು ನಿಲ್ಲಿಸಿದರು. ಅದರ ಸಿಮೆಂಟು ಒಣಗುವ ಮೊದಲೇ ಕೆಳಗಿನಕೇರಿಯ ರಾಜು ಇನ್ನೂ ಮೊಳದಷ್ಟು ಎತ್ತರದ ಕಲ್ಲು ನಿಲ್ಲಿಸಿದ. ತಾಲೂಕಿನ ಸಾಹೇಬರು ಬಂದು ಖರೆ ಜಾಗಕ್ಕೆ ಹಾರ ಹಾಕುತ್ತಾರೆ, ಆ ಜಾಗದವರೆಗೆ ಡಾಂಬರು ರಸ್ತೆಯೂ ಆಗುತ್ತದೆ ಎಂದು ಸುದ್ದಿಯಾಯಿತು.

ಪಲ್ಟನ್ನನ್ನು ಕಣ್ಣಾರೆ ಕಂಡವನೆಂದು ಉಳಿದಿದ್ದವನು ಮುದುಕ ಜಟ್ಟು ಒಬ್ಬನೇ. ಅವನ ಬಾಯಿ ಬಿಡಿಸಲು ಮೇಲಿನಕೇರಿಯಿಂದ ಬಂಗಡೆ ಮೀನು ಬಂದರೆ, ಮರುದಿನ ಕೆಳಗಿನಕೇರಿಯಿಂದ ಇಸೋಣ. ಜಟ್ಟು ಮುಳ್ಳು ಬಿಡಿಸಿ ತಿಂದನೇ ಹೊರತು ಬಾಯಿ ಬಿಡಲಿಲ್ಲ.

ಬಿಡುವುದಾದರೂ ಹೇಗೆ? ಡೇರೆಗಳಿದ್ದದ್ದು ಅವನದೇ ಗದ್ದೆಯಲ್ಲಿ. ಸೊಸೆ ಸುಬ್ಬಿ ಹರಿವೆ ಸೊಪ್ಪು ಬೆಳೆದು ಅಂಕೋಲೆ ಪೇಟೆಗೆ ಒಯ್ಯುವ ಆ ಒಂದೇ ತುಂಡು ಗದ್ದೆ. ನಿಜ ಹೇಳಿದರೆ ರಸ್ತೆ ಅದರ ನಡುವೆಯೇ ಹಾಯುತ್ತದೆ. ಸುಬ್ಬಿಗೆ ಮಾತ್ರ ಅವನು ಹೇಳಿದ್ದ. ಅವಳು ಅಲ್ಲಿಯೇ ಬಾಯಿಗೆ ಬೀಗ ಹಾಕಿಸಿದ್ದಳು. ಆದರೂ ಜಟ್ಟುವಿಗೆ ಒಳಗೊಳಗೇ ಹೇಳುವ ತುರಿಕೆ. ಮೀಸೆಯ ಸಿಪಾಯಿಯೊಬ್ಬ ಬಾಲಕ ಜಟ್ಟುವಿಗೆ ಕಹಳೆ ಕೊಟ್ಟು ಊದಿಸಿದ್ದ. ಸ್ವರ ಬಾರದೆ ಬರೀ ಗಾಳಿ ಬಂದು ಇಡೀ ಪಲ್ಟನ್ ನಕ್ಕಿತ್ತು. ಆ ನಗುವನ್ನು ಮಾತ್ರ ಅವನು ಸುಬ್ಬಿಗೂ ಹೇಳದೆ ಇಟ್ಟುಕೊಂಡಿದ್ದ.

ಸಾಹೇಬರು ಹಾರ ಹಿಡಿದು ಬಂದೇ ಬಿಟ್ಟರು. ಊರೆಲ್ಲ ಜಟ್ಟುವನ್ನು ಸುತ್ತುವರಿಯಿತು.

"ಹೇಳು ಜಟ್ಟಜ್ಜ, ನಮ್ ಕೇರಿಲೇ ಅಲ್ವ?" ಎಂದರು ಮಾಸ್ತರು.

"ಇಸೋಣದ ರುಚಿ ನೆನಪದ್ಯ ಅಜ್ಜ?" ಎಂದ ರಾಜು.

"ಬಂಗಡೆ ಮೊದ್ಲು ಬಂದದ್ದು ಮಾರಾಯ!"

ಜಟ್ಟು ಆಕಾಶ ನೋಡಿದ. ಕಾಲ್ಬೆರಳು ನೋಡಿದ. ಆಮೇಲೆ ಕಣ್ಣು ತಾನಾಗಿಯೇ ಜಾರಿ ಗದ್ದೆಯ ಮೇಲೆ ನಿಂತಿತು. ಸಾಹೇಬರು ಅದನ್ನು ಕಂಡರು, ಅತ್ತಲೇ ನಡೆದರು.

ಹರಿವೆ ಕೀಳುತ್ತಿದ್ದ ಸುಬ್ಬಿ ಸೊಂಟಕ್ಕೆ ಕೈಕೊಟ್ಟು ಎದ್ದು ನಿಂತಳು.

"ಹೌದ್ರಾ ಸಾಯ್ಬ್ರೆ, ಪಲ್ಟನ್ ಇಲ್ಲೇ ಬತ್ತಿತ್ತಂತೆ. ಬೆಳಗಾದ್ರೆ ಸಾಕು, ತಂಬಿಗೆ ಹಿಡ್ಕಂಡಿ. ಇಡೀ ಗದ್ದೆಲಿ ಕಾಲಿಡೂಕೆ ಜಾಗ ಇರ್ಲಿಲ್ಲಂತೆ. ಮಾವ ಹೇಳೂಕೆ ನಾಚ್ತಾರೆ."

ಬದುವಿನ ಮೇಲಿಟ್ಟಿದ್ದ ಕಾಲನ್ನು ಸಾಹೇಬರು ಹಿಂದಕ್ಕೆ ತೆಗೆದರು. "ಹೌದೇನಜ್ಜ?"

ಕಹಳೆ, ಮೀಸೆ, ಡೇರೆ ಎಲ್ಲ ಜಟ್ಟುವಿನ ಗಂಟಲಿಗೆ ಬಂದು ನಿಂತವು. ಅಷ್ಟನ್ನೂ ನುಂಗಿ ಅವನು, "ಹೌದು" ಎಂದ.

ಸಾಹೇಬರು ಹಾರವನ್ನು ಹರಿದು ಎರಡೂ ಕಲ್ಲಿಗೆ ಅರ್ಧರ್ಧ ಹಾಕಿ ಜೀಪು ಹತ್ತಿದರು. ರಸ್ತೆಯ ಮಾತೆತ್ತಲಿಲ್ಲ.

ಮರುದಿನ ಸುಬ್ಬಿಗಿಂತ ಮೊದಲೇ ಸುದ್ದಿ ಪೇಟೆ ಮುಟ್ಟಿತ್ತು. ಮಾಸ್ತರ ಹೆಂಡತಿ ಕಲಾವತಿ ಹರಿವೆ ಕಟ್ಟನ್ನು ಎತ್ತಿ ಮೂಸಿದಳು. "ಯಾವ ಗದ್ದೇದೇ ಇದು?"

"ಅಜ್ಜನ ಕಾಲದ ಗೊಬ್ರ ಈಗೆಲ್ಲಿ ಇರ್ತದ್ರಾ ಬಾಯಿ?" ಎಂದು ಸುಬ್ಬಿ ನಕ್ಕರೂ ಕಟ್ಟು ಬುಟ್ಟಿಗೇ ಮರಳಿತು.

ವಾರವಿಡೀ ಮನೆಯಲ್ಲಿ ಹರಿವೆ ಪಲ್ಯ, ಹರಿವೆ ಸಾರು. ಜಟ್ಟು ತಟ್ಟೆ ನೋಡಿ ನಿಟ್ಟುಸಿರಿಟ್ಟ. "ಖರೆ ಹೇಳಿದ್ರೆ ನಮ್ಗೂ ಒಂದ್ ಕಲ್ಲು ಬತ್ತಿತ್ತು."

ಸುಬ್ಬಿ ಇನ್ನೊಂದು ಸೌಟು ಬಡಿಸಿದಳು.

"ಉಣ್ಣಿ ಮಾವ. ಡಾಂಬರು ಉಣ್ಣೂಕೆ ಬತ್ತದ್ಯ?"