ಗುರಿವಿಮಾನಕ್ಕೆ ಎಡೆ

"ಇದಲ್ಲ ಬುಡು," ಅಂದಳು ಬೆಟ್ಟಮ್ಮ, ಮಗಳು ಮುಂದಿಟ್ಟ ಮೊಳದುದ್ದದ ಮರದ ವಿಮಾನವನ್ನು ನೋಡಿ.

ಗಗನಳಿಗೆ ಅಳು ಬಂತು. ಬೋಗಾದಿಯ ಬಿಲ್ಡರುಗಳು ಗಿರಾಕಿಗಳಿಗೆ ತೋರಿಸುವ ಅಂಗೈಯಗಲದ ಮನೆಗಳನ್ನು ಮಾಡುವುದು ಅವಳ ಕಸುಬು. ಹಾಲೆಮರದ ಚಕ್ಕೆ, ಮರಳುಕಾಗದ, ಗೋಂದು ಎಲ್ಲವೂ ಅವಳ ಮಾತು ಕೇಳುತ್ತವೆ. ಈ ಗುರಿವಿಮಾನ ಮಾತ್ರ ಕೇಳುತ್ತಿಲ್ಲ. ಕ್ಷಿಪಣಿಗಳು ಹೊಡೆದು ಪಳಗಲಿ ಎಂದು ಆಳಿಲ್ಲದೆ ಹಾರಿಸುವ ವಿಮಾನವದು. ಊರ ಕಾವಲಿನಲ್ಲಿ ಕುರಿ ಮೇಯಿಸುತ್ತಿದ್ದ ಅಪ್ಪ ಚಿಕ್ಕಣ್ಣನ ಮೇಲೆ ಬಿದ್ದದ್ದು ಅಂಥದ್ದೇ. ಜೀಪಿನಲ್ಲಿ ಬಂದವರು ಚೂರುಗಳನ್ನು ಸುಟ್ಟ ಹುಲ್ಲಿನ ಸಮೇತ ಬಾಚಿಕೊಂಡು ಹೋದರು. ಅಂದು ಏನೂ ಹಾರಿಲ್ಲ, ಮುದುಕ ಎದೆಯೊಡೆದು ಸತ್ತ ಎಂದು ಬರೆದರು. ಹಾರಿಲ್ಲವಂತೆ! ಮೊದಲು ಕಾವಲಿಗೆ ಬೇಲಿ, ಆಮೇಲೆ ಆಕಾಶಕ್ಕೆ ಬೇಲಿ, ಕೊನೆಗೆ ಬಡವರ ಕಣ್ಣಿಗೂ ಬೇಲಿ.

ಕಣ್ಣಾರೆ ಕಂಡವಳು ಬೆಟ್ಟಮ್ಮ ಒಬ್ಬಳೇ. ತಾಯಿಮಗಳು ದೂರು ಕೊಟ್ಟ ಮೇಲೆ ಇಟ್ಟಿರುವ ವಿಚಾರಣೆಯಲ್ಲಿ ಅವಳು ಮಾದರಿ ನೋಡಿ 'ಇದೇ' ಎಂದು ಗುರುತಿಸದಿದ್ದರೆ ಚಿಕ್ಕಣ್ಣ ಎದೆಯೊಡೆದೇ ಸತ್ತಂತೆ. ನಕ್ಷೆ ಕೊಡುವವರಿಲ್ಲ. ಮೊಬೈಲಿನಲ್ಲಿ ಸಿಕ್ಕ ಮಸುಕು ಫೋಟೊ, ಅವ್ವನ ಬಾಯಿಮಾತು, ಇಷ್ಟರಿಂದಲೇ ಗಗನ ಕೆತ್ತಿ, ಉಜ್ಜಿ, ಕಿತ್ತಳೆ ಬಣ್ಣ ಬಳಿದು, ಬೆನ್ನಿನುದ್ದಕ್ಕೂ ಸೂಜಿಯಲ್ಲಿ ಮೊಳೆಗುರುತು ಚುಚ್ಚಿದ್ದಳು.

"ಕಿಟ್ಕಿ ಎಲ್ಲೇ?"

"ಒಳಗೆ ಯಾರೂ ಇರಲ್ಲ ಕಣವ್ವ."

"ಮತ್ತೆ ನಿಮ್ಮಪ್ಪುನ್ನ ಉಡುಕ್ಕೊಂಡು ಬಂದೋರ್ಯಾರು?"

ಗಗನ ತಲೆ ತಗ್ಗಿಸಿ ಮರಳುಕಾಗದ ಕೈಗೆತ್ತಿಕೊಂಡಳು.

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ಸತ್ತವರಿಗೆ ಎಡೆ ಹಾಕಿ, ಬಾಗಿಲು ಮುಚ್ಚಿ, ಅವರು ಉಂಡೇಳುವ ತನಕ ಮನೆಯವರು ಹೊರಗೆ ಕಾಯುವುದು ಅವರ ಕಡೆಯ ಪದ್ಧತಿ. ಚಿಕ್ಕಣ್ಣನ ಫೋಟೊ ಮುಂದೆ ಮುದ್ದೆ, ಬಾಡಿನ ಎಸರು, ಬೀಡಿ ಇಟ್ಟ ಬೆಟ್ಟಮ್ಮ, ಪಕ್ಕದಲ್ಲಿ ವಿಮಾನವನ್ನಿಟ್ಟು ಅದಕ್ಕೂ ಒಂದು ಎಲೆ ಹಾಕಿದಳು.

"ಅವ್ವಾ! ಕೊಂದಿದ್ದಕ್ಕೆ ಎಡೆನಾ?"

"ಅದೂ ಅವತ್ತೇ ಸತ್ತಿದ್ದಲ್ವೇನೆ? ಸಾಯ್ಲಿ ಅಂತ್ಲೇ ಆರುಸ್ತಾರೆ ಅಂದೋಳು ನೀನೇ. ಅದ್ಕೆ ಇನ್ಯಾರವ್ರೆ?"

ನಡುಹಗಲ ಬಿಸಿಲಲ್ಲಿ ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಮನೆಯೊಡತಿ ಚಿಕ್ಕಮಾದಮ್ಮ ಕೆಳಗಿನಿಂದ ಕೂಗಿದಳು: "ಏನ್ ಬೆಟ್ಟಮ್ಮ, ಯಜಮಾನ್ರು ಸೊರಸೊರ ಅಂತಾವ್ರಾ?"

"ನಮ್ಗೂ ಒಸಿ ಉಳುಸ್ಲಿ ಬುಡಿ!" ಅಂದಳು ಬೆಟ್ಟಮ್ಮ. ಇಬ್ಬರೂ ನಕ್ಕರು.

ಬಾಗಿಲು ತೆಗೆದಾಗ ನಗು ನಿಂತಿತು. ಗಾಳಿಯಾಡದ ಕೋಣೆ. ವಿಮಾನ ತನ್ನ ಎಲೆಯ ಬಳಿ ಇರಲಿಲ್ಲ. ಹೊಟ್ಟೆ ಮೇಲಾಗಿ ಚಿಕ್ಕಣ್ಣನ ಎಲೆಯಲ್ಲಿ ಬಿದ್ದಿತ್ತು, ಮೂತಿ ಮುದ್ದೆಯೊಳಕ್ಕೆ ತಿವಿದಿತ್ತು. ಯಾರು ನೋಡುತ್ತಾರೆಂದು ಗಗನ ಬಣ್ಣ ಹಚ್ಚದೆ ಬಿಟ್ಟಿದ್ದ ಆ ಹೊಟ್ಟೆಯ ಉದ್ದಕ್ಕೂ ಈಗ ಕರಿ ಮಸಿಯ ಪಟ್ಟೆ.

ಬೆಟ್ಟಮ್ಮ ಕುಕ್ಕರಗಾಲಲ್ಲಿ ಕೂತಳು. "ಇದೇ ಕಣವ್ವ. ನೀನು ಬರೀ ಬೆನ್ನು ತೋರುಸ್ತಿದ್ದೆ. ಕೆಳಗಿದ್ದೋರ್ಗೆ ಬೆನ್ನು ಎಲ್ ಕಂಡಾತು?"

ಇಷ್ಟು ವರ್ಷ ತಾನು ಮಾಡಿದ್ದೆಲ್ಲ ಮೇಲಿನಿಂದ ನೋಡುವವರಿಗಾಗಿಯೇ ಎಂದು ಗಗನಳಿಗೆ ಹೊಳೆದದ್ದು ಆಗ. ಮಸಿಯನ್ನು ಒರೆಸಲು ಕೈಯಿಟ್ಟಳು. ಅದು ಬಿಸಿಯಾಗಿತ್ತು.

ವಿಚಾರಣೆಯ ಸಭಾಂಗಣದಲ್ಲಿ ವಿಮಾನವನ್ನು ಮೇಜಿನ ಮೇಲಿಟ್ಟಾಗ ಅಧಿಕಾರಿ ನಕ್ಕ. "ಏನಮ್ಮ, ಆಟದ ಸಾಮಾನು ತಂದ್ಬುಟ್ಟಿದ್ದೀರಾ? ಅವತ್ತು ಏನೂ ಹಾರೇ ಇಲ್ಲ ಕಣ್ರೀ."

ಬೆಟ್ಟಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲ್ಲರ ನಡುವೆ, ನೆಲದ ಮೇಲೆ ಅಂಗಾತ ಮಲಗಿದಳು.

"ಎತ್ತು, ಮಗ."

ಗಗನ ಅವಳ ಮೇಲೆ ವಿಮಾನವನ್ನು ಎತ್ತಿ ಹಿಡಿದಳು. ಎಂಜಿನ್ನಿಲ್ಲದ ಮರದ ತುಂಡು ಗುಂಯ್ ಎನ್ನತೊಡಗಿತು. ಮೊದಲು ಅವಳ ಬೆರಳಿಗೆ, ಆಮೇಲೆ ಕಿವಿಗೆ, ಆಮೇಲೆ ಕಿಟಕಿಯ ಗಾಜುಗಳಿಗೆ.

"ಇದೇ," ಅಂದಳು ಬೆಟ್ಟಮ್ಮ, ರೆಪ್ಪೆ ಬಡಿಯದೆ.

ಜನರೆಲ್ಲ ಆಕಾಶ ನೋಡಲು ಕಿಟಕಿಯತ್ತ ತಿರುಗಿದರು. ಆ ಅಧಿಕಾರಿ ಮಾತ್ರ ತಿರುಗಲಿಲ್ಲ. ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಮೇಜಿನಡಿ ನುಗ್ಗಿದ್ದ.

"ಎಲ್ಲಿಗೆ ಬೀಳ್ತದೆ?" ಅಲ್ಲಿಂದ ಅವನ ದನಿ ಬಂತು. "ಈ ಸಲ ಎಲ್ಲಿಗೆ ಬೀಳ್ತದೆ, ಹೇಳ್ರೋ!"